ಪಕ್ಕದ ಹಾಸಿಗೆಯ ಉಸಿರು

ಒಬ್ಬ ಮನುಷ್ಯನ ಉಸಿರಿನ ಬೆನ್ನು ಹತ್ತಿ ಇನ್ನೊಬ್ಬ ಮನುಷ್ಯ ಉಸಿರಾಡಬಹುದೇ? ಏದುಜ್ವರ ಬರುವ ಮೊದಲು ಯಾರಾದರೂ ಹೀಗೆ ಕೇಳಿದ್ದರೆ ಡಾ. ಫೈರೋಜ್ ಮುಲ್ಲಾ ಕೇಳಿದವರಿಗೆ ಒಂದು ಕಪ್ ಚಹಾ ಕುಡಿಸಿ ಮನೆಗೆ ಕಳಿಸಿಬಿಡುತ್ತಿದ್ದರು. ಮುಲ್ಲಾ ಎಂದರೆ ಉತ್ತರ ಕರ್ನಾಟಕದ ಒಂದು ದೊಡ್ಡ ಆಸ್ಪತ್ರೆಯ ಐಸಿಯು ಮುಖ್ಯಸ್ಥರು. ಊರಿನ ಹೆಸರು ಇಲ್ಲಿ ಬೇಡ. ಒಳ್ಳೆಯ ಡಾಕ್ಟರು, ಕೈಗುಣ ಇದ್ದವರು, ಆದರೆ ತಂತಿ ಸಿಕ್ಕಿಸಿ ಪರದೆಯ ಮೇಲೆ ತೋರಿಸಲಾಗದ ಯಾವುದನ್ನೂ ನಂಬುವ ಪೈಕಿ ಅಲ್ಲ.

ಏದುಜ್ವರಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಬೇರೆ ಇತ್ತು. ಅಂಕಿ, ಅಕ್ಷರ, ಅಡ್ಡಗೆರೆ ಎಲ್ಲ ಸೇರಿದ ಆ ಹೆಸರನ್ನು ಟೀವಿಯವರೂ ಸ್ವಲ್ಪ ದಿನ ಹೇಳಿ ಕೈಬಿಟ್ಟರು. ಹಿಂದಿನ ಮಹಾಮಾರಿಯ ಕಾಲದಲ್ಲಿ ಶಾಲೆಗೆ ರಜೆ ಸಿಕ್ಕಿತೆಂದು ಕುಣಿದ ಮಕ್ಕಳೇ ಈಗ ದೊಡ್ಡ ಡಾಕ್ಟರುಗಳಾಗಿದ್ದರು. ಅವರೆಲ್ಲ ಶ್ವಾಸಕೋಶ ಕೆಡಿಸುವ ರೋಗ ಬರುತ್ತದೆಂದು ಸಜ್ಜಾಗಿ ಕೂತಿದ್ದರೆ, ಇದು ಬೇರೆ ಬಾಗಿಲಿನಿಂದ ಒಳಗೆ ಬಂತು. ನಮ್ಮ ಮಿದುಳಿನ ಬುಡದಲ್ಲಿ ಉಸಿರಿನ ತಾಳ ಹಿಡಿಯುವ ಒಂದು ಸಣ್ಣ ಜಾಗವಿದೆ. ನಾವು ಉಣ್ಣುವಾಗಲೂ ಜಗಳಾಡುವಾಗಲೂ ನಿದ್ದೆ ಹೊಡೆಯುವಾಗಲೂ ಅದು ತನ್ನ ಪಾಡಿಗೆ ತಾಳ ಹಾಕುತ್ತಲೇ ಇರುತ್ತದೆ. ಏದುಜ್ವರದ ವೈರಾಣು ನೇರ ಅಲ್ಲಿಗೆ ಹೋಗಿ ಬಾವು ಬರಿಸುತ್ತಿತ್ತು. ತಾಳ ತಪ್ಪಿದ ರೋಗಿ ಒಮ್ಮೆ ಓಡಿ ಬಂದವನಂತೆ ಏದುತ್ತಿದ್ದ, ಒಮ್ಮೆ ಉಸಿರಾಡುವುದನ್ನೇ ಮರೆತು ಸುಮ್ಮನಾಗಿಬಿಡುತ್ತಿದ್ದ. ಕೆಲವು ವಾರ ಹೇಗಾದರೂ ದಾಟಿಸಿದರೆ ಬಾವು ತಾನೇ ಇಳಿಯುತ್ತಿತ್ತು. ಆ ವಾರಗಳನ್ನು ದಾಟಿಸುವುದೇ ಕಷ್ಟವಾಗಿತ್ತು.

ವೆಂಟಿಲೇಟರುಗಳಿಗೆ ಈ ಸಲ ಬರವಿರಲಿಲ್ಲ. ಆದರೆ ವೆಂಟಿಲೇಟರು ತನ್ನ ತಾಳದಲ್ಲಿ ಗಾಳಿ ತಳ್ಳುತ್ತಿತ್ತು, ರೋಗಿಯ ಮೈ ತನ್ನ ಕೆಟ್ಟ ತಾಳದಲ್ಲಿ ಎಳೆಯುತ್ತಿತ್ತು. ಎರಡಕ್ಕೂ ಜಟಾಪಟಿ. ರೋಗಿಗಳು ಕೊಳವೆ ಕಚ್ಚುತ್ತಿದ್ದರು, ಕೈಕಾಲು ಬಡಿಯುತ್ತಿದ್ದರು, ಅವರ ರಕ್ತದಲ್ಲಿನ ಆಮ್ಲಜನಕ ನೋಡನೋಡುತ್ತ ಕುಸಿಯುತ್ತಿತ್ತು. ಈ ಜಗಳ ಬಿಡಿಸಲು ಗಾಢ ನಿದ್ದೆಯ ಔಷಧ ಕೊಡಬೇಕು. ಲೋಕದ ಎಲ್ಲ ಆಸ್ಪತ್ರೆಗಳೂ ಒಮ್ಮೆಲೇ ಅದಕ್ಕೆ ಕೈಚಾಚಿದ್ದರಿಂದ ಆ ಔಷಧ ಎಲ್ಲೂ ಸಿಗದಂತಾಯಿತು.

ಆಗ ಆಸ್ಪತ್ರೆಯವರಿಗೆ ಡಾ. ಅನಸೂಯಾ ಹೆಬಸೂರ ನೆನಪಾದಳು.

ಅನಸೂಯಾಳದು ಪ್ಯಾಲಿಯೇಟಿವ್ ವಿಭಾಗ. ವಾಸಿಯಾಗದ ಕಾಯಿಲೆಯವರ ನೋವು, ಉಬ್ಬಸ, ಭಯ ಇವನ್ನು ಕಡಿಮೆ ಮಾಡುವುದು ಅವರ ಕೆಲಸ. ವಿಭಾಗ ಎಂದರೂ ಅಷ್ಟಕ್ಕಷ್ಟೆ. ಬಟ್ಟೆ ಒಗೆಯುವ ಕಟ್ಟಡದ ಹಿಂದೆ ಎರಡು ಕೋಣೆ, ಅನಸೂಯಾ, ರೋಸಲಿನ್ ಎಂಬ ಹಿರಿಯ ನರ್ಸು, ಇನ್ನು ನಾಲ್ಕಾರು ಮಂದಿ. ಆಸ್ಪತ್ರೆಯಲ್ಲಿ ಅವರನ್ನು ಯಾರೂ ದ್ವೇಷಿಸುತ್ತಿರಲಿಲ್ಲ, ಆದರೆ ಅವರು ಎದುರಿಗೆ ಬಂದರೆ ಜನ ನೆಲ ನೋಡುತ್ತ ನಡೆಯುತ್ತಿದ್ದರು. ಅನಸೂಯಾ ಮೇಡಂ ಒಂದು ಹಾಸಿಗೆಯ ಬಳಿ ನಿಂತರೆಂದರೆ ಆ ರೋಗಿಯ ಕಥೆ ಮುಗಿಯಿತು ಎಂದೇ ಲೆಕ್ಕ. ಅವಳು ಯಾರದೋ ತಲೆದಿಂಬು ಸರಿಮಾಡಿದ್ದಕ್ಕೆ ಆ ರೋಗಿಯ ಮನೆಯವರು ಊರಿನ ನೆಂಟರಿಗೆಲ್ಲ ಫೋನು ಮಾಡಿ ಕರೆಸಿಕೊಂಡದ್ದೂ ಉಂಟು. ಇದು ಅವಳಿಗೆ ಗೊತ್ತಿತ್ತು, ಬೇಸರವೂ ಇತ್ತು. ಬೇರೆ ಡಾಕ್ಟರುಗಳಿಗೆ ಗುಣವಾದ ರೋಗಿಗಳು ಮನೆಯಿಂದ ಶೇಂಗಾ ಹೋಳಿಗೆ ತಂದುಕೊಡುತ್ತಿದ್ದರು. ಅವಳಿಗೆ ಬರುತ್ತಿದ್ದದ್ದು ತಿಥಿಯ ಕರೆ.

ಐಸಿಯುಗೆ ಬಂದ ಮೊದಲ ದಿನವೇ ಮುಲ್ಲಾ ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ನರ್ಸುಗಳು ಹುಡುಗಿಯರು, ಮೊದಲೇ ಹೆದರಿದ್ದಾರೆ, ನಿಮ್ಮವರನ್ನು ಕಂಡರೆ ಅರ್ಧ ಧೈರ್ಯವೂ ಹೋಗುತ್ತದೆ, ಆದ್ದರಿಂದ ಬೇಕಾದರೆ ಫೋನಿನಲ್ಲಿ ಸಲಹೆ ಕೊಡಿ, ಸಾಕು ಎಂದರು. ಅನಸೂಯಾ ವಾದಿಸಲಿಲ್ಲ. ಮಾರನೆಯ ದಿನ ರೋಸಲಿನ್‌ಳನ್ನು ಕರೆದುಕೊಂಡು ಬಂದೇಬಿಟ್ಟಳು. ರೋಸಲಿನ್ ಆ ಹುಡುಗಿಯರಿಗೆ ತನ್ನ ಹಳೆಯ ವಿದ್ಯೆಗಳನ್ನೆಲ್ಲ ಕಲಿಸತೊಡಗಿದಳು. ಉಬ್ಬಸದವರನ್ನು ಯಾವ ಮಗ್ಗುಲಿಗೆ ಒರಗಿಸಬೇಕು, ಕೆನ್ನೆಗೆ ತಣ್ಣನೆಯ ಗಾಳಿ ತಾಗಿದರೆ ಗಾಬರಿ ಹೇಗೆ ಇಳಿಯುತ್ತದೆ, ಮಾರ್ಫಿನ್ ಎಷ್ಟು ಹನಿ ಸಾಕು, ಇಂಥವು. ತಂಡದ ಉಳಿದವರು ಪ್ರತಿ ಸಂಜೆ ಪ್ರತಿ ರೋಗಿಯ ಮನೆಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದರು. ಮೊದಲಾದರೆ ಆ ಫೋನುಗಳನ್ನು ಮುಲ್ಲಾ ಅವರೇ ಮಾಡಬೇಕಿತ್ತು. ಅವರಿಗೆ ಬಹಳ ದಿನಗಳ ಮೇಲೆ ಕೂತು ಉಣ್ಣುವಷ್ಟು ಪುರುಸೊತ್ತು ಸಿಕ್ಕಿತು, ಅಸಮಾಧಾನವೂ ಅಷ್ಟು ಕಡಿಮೆಯಾಯಿತು.

ಅದಾದ ಮೇಲೆಯೇ ಅನಸೂಯಾ ಜೊತೆಪಟ್ಟಿಯನ್ನು ಹೊರಗೆ ತೆಗೆದದ್ದು.

ಜೊತೆಪಟ್ಟಿ ಅವಳ ವಿಭಾಗದ ಸ್ವಂತ ಸರಕು. ಕೊನೆಯ ದಿನಗಳಲ್ಲಿ ಉಬ್ಬಸದಿಂದ ಒದ್ದಾಡುವವರಿಗಾಗಿ ಆಸ್ಪತ್ರೆಯ ಇಂಜಿನಿಯರನೊಬ್ಬ ಮಾಡಿಕೊಟ್ಟದ್ದು. ಮನೆಯವರು ಎದೆಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅವರ ಉಸಿರಿನ ಏರಿಳಿತ ಫೋನಿನ ಮೂಲಕ ರೋಗಿಯ ಬೆನ್ನ ಕೆಳಗಿನ ಗಾಳಿಯ ದಿಂಬಿಗೆ ಬರುತ್ತದೆ. ಅವರು ಉಸಿರೆಳೆದರೆ ದಿಂಬು ಉಬ್ಬುತ್ತದೆ, ಬಿಟ್ಟರೆ ಇಳಿಯುತ್ತದೆ, ರೋಗಿಯ ಕಿವಿಗೆ ಸಿಕ್ಕಿಸಿದ ಸಾಧನದಲ್ಲಿ ಅದೇ ಉಸಿರಿನ ಸದ್ದು ಕೇಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ರೋಗಿಯ ಉಸಿರು ಆ ಉಸಿರಿನ ಜೊತೆ ಹೆಜ್ಜೆ ಹಾಕತೊಡಗುತ್ತದೆ. ಏದುಜ್ವರದಲ್ಲಿ ಮಿದುಳು ತಾನೇ ತಾಳ ಹಾಕುವುದನ್ನು ಮರೆತಿದ್ದರೂ ಇನ್ನೊಬ್ಬರ ತಾಳ ಕೇಳಿ ಹಿಡಿಯುವ ಶಕ್ತಿ ಉಳಿದಿರುತ್ತದಲ್ಲ, ಅದನ್ನೇ ಯಾಕೆ ಬಳಸಬಾರದು ಎಂಬುದು ಅನಸೂಯಾಳ ಯೋಚನೆ. ಇಂಜಿನಿಯರು ಪಟ್ಟಿಯನ್ನು ವೆಂಟಿಲೇಟರಿಗೂ ಜೋಡಿಸಿದ. ಕಟ್ಟಿಕೊಂಡವರು ಕೆಮ್ಮಿದರೆ, ಸೀನಿದರೆ ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿಯದಂತೆ ಮಿತಿಯನ್ನೂ ಹಾಕಿಕೊಟ್ಟ.

ಮುಲ್ಲಾ ಎರಡು ಹಾಸಿಗೆ ಕೊಟ್ಟು ಪರೀಕ್ಷೆ ಮಾಡಿ ಎಂದರು. ಆ ಎರಡೂ ಹಾಸಿಗೆಯ ರೋಗಿಗಳು ಯಂತ್ರದೊಡನೆ ಜಗಳ ನಿಲ್ಲಿಸಿದರು. ಮುಲ್ಲಾ ಮತ್ತೆ ಹತ್ತು ಹಾಸಿಗೆ ಕೊಟ್ಟರು.

ಊರಲ್ಲಿ ಪಟ್ಟಿ ಕಟ್ಟಿದ ಮನೆ ಎಂಬ ಹೊಸ ಮಾತು ಹುಟ್ಟಿತು. ಅಂಥ ಮನೆಯಲ್ಲಿ ಟೀವಿ ಧಾರಾವಾಹಿಯ ಅತ್ತೆ ಕೂಡ ಸಣ್ಣ ದನಿಯಲ್ಲೇ ಬೈಯಬೇಕು. ಸಾಲ ವಸೂಲಿಗೆ ಬಂದವರು ಬಾಗಿಲಿನಿಂದಲೇ ವಾಪಸು. ಪಟ್ಟಿ ಕಟ್ಟಿಕೊಂಡವರು ಮೆಟ್ಟಿಲು ಹತ್ತುವಂತಿಲ್ಲ, ಅವರಿಗೆ ಕೆಟ್ಟ ಸುದ್ದಿ ಹೇಳುವಂತಿಲ್ಲ. ಜನ್ಮದಲ್ಲಿ ಗಂಡನಿಗೆ ಎದುರಾಡುವುದನ್ನು ಬಿಡದ ಹೆಂಗಸರೂ, ಅವನ ಎದೆಯ ಮೇಲೆ ಯಾರದೋ ಜೀವ ಕೂತಿದೆ ಎಂಬ ಕಾರಣಕ್ಕೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದರು.

ಆದರೆ ಎಲ್ಲ ಹಾಸಿಗೆಗಳಲ್ಲೂ ಹೀಗಾಗಲಿಲ್ಲ. ಕೆಲವರಿಗೆ ಪಟ್ಟಿ ಹತ್ತುತ್ತಲೇ ಇರಲಿಲ್ಲ. ದಿಂಬು ಉಬ್ಬಿ ಇಳಿದು ಸುಸ್ತಾಗುತ್ತಿತ್ತು, ರೋಗಿ ಮಾತ್ರ ಮೊದಲಿನಂತೆಯೇ ಒದ್ದಾಡುತ್ತಿದ್ದ. ಯಾಕೆ ಎಂದು ಯಾರಿಗೂ ಹೊಳೆಯಲಿಲ್ಲ. ಅನಸೂಯಾ ಪಟ್ಟಿ ಕಟ್ಟಿಕೊಂಡವರಿಗೆ ಫೋನಿನಲ್ಲಿ ಉಸಿರು ನಿಧಾನ ಮಾಡುವ ಪಾಠ ಹೇಳಿದಳು. ಇಂಜಿನಿಯರು ತಂತಿ ಬದಲಿಸಿದ. ಏನೂ ಆಗಲಿಲ್ಲ. ಹಾಗೆ ಹತ್ತದೇ ಹೋದವರ ಪೈಕಿ ದ್ಯಾಮವ್ವ ಒಬ್ಬಳು.

ದ್ಯಾಮವ್ವ ಎಪ್ಪತ್ತರ ಆಸುಪಾಸಿನ ಗಟ್ಟಿ ಮುದುಕಿ. ತೀರಿಹೋದ ಗಂಡನ ಚುರುಮುರಿ ಭಟ್ಟಿ ಇತ್ತು. ಬಿಸಿ ಮರಳಿನಲ್ಲಿ ಅಕ್ಕಿ ಹುರಿದು ಚೀಲಗಟ್ಟಲೆ ಚುರುಮುರಿ ಮಾಡುವ ಆ ಭಟ್ಟಿಯ ಹೊಗೆಯಲ್ಲೇ ಆಕೆ ಬದುಕು ಸವೆಸಿದ್ದಳು. ಈಗ ಭಟ್ಟಿ ನಡೆಸುವವನು ಮಗ ಫಕ್ಕೀರಪ್ಪ. ಆಸ್ಪತ್ರೆಯ ಮಾತುಕತೆಯೆಲ್ಲ ಅವನದೇ ಆಗಿದ್ದರಿಂದ ಪಟ್ಟಿಯನ್ನು ಅವನಿಗೇ ಕಳಿಸಿದ್ದರು. ಅವನು ಕೆಲಸ ಬಿಟ್ಟು ಪಟ್ಟಿ ಕಟ್ಟಿಕೊಂಡು ಶಿಸ್ತಾಗಿ ಉಸಿರಾಡುತ್ತಿದ್ದ. ಮಗನ ಉಸಿರು ಒಂದು ದಿಕ್ಕಿಗೆ ಹೋದರೆ ತಾಯಿಯ ಉಸಿರು ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು. ಆಕೆಯ ಎರಡೂ ಮುಷ್ಟಿಗಳು ಬಿಗಿದೇ ಇದ್ದವು.

ಒಂದು ಸಂಜೆ ಮುಲ್ಲಾ ಅನಸೂಯಾಳನ್ನು ಪಕ್ಕಕ್ಕೆ ಕರೆದರು. ನಿದ್ದೆಯ ಔಷಧ ಇನ್ನು ಒಬ್ಬರಿಗೆ ಆಗುವಷ್ಟಿದೆ, ನಾಳೆ ಸಂಜೆಯ ಹೊತ್ತಿಗೆ ದ್ಯಾಮವ್ವನಿಗೋ ಎದುರು ಹಾಸಿಗೆಯ ಬಾಣಂತಿಗೋ ಯಾರಾದರೊಬ್ಬರಿಗೆ ಕೊಡಬೇಕು ಎಂದರು. ಬಾಣಂತಿಯ ಗಂಡನೂ ಜ್ವರದಲ್ಲಿದ್ದ, ಪಟ್ಟಿ ಕಟ್ಟಿಕೊಳ್ಳಲು ಆಕೆಗೆ ಬೇರೆ ಯಾರೂ ಇರಲಿಲ್ಲ. ಯಾರಿಗೆ ಕೊಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಅನ್ನಲಿಲ್ಲ. ಕೊನೆಗೆ ಮುಲ್ಲಾ ನೆಲ ನೋಡುತ್ತ, "ದ್ಯಾಮವ್ವನ ಮನಿಯವರಿಗೆ ನೀವಽ ಒಂದ್ ಮಾತ ಹೇಳ್ರಿ ಮೇಡಂ. ಅದು ನಿಮಗಽ ಛಲೋ ಬರ್ತೈತಿ" ಎಂದರು.

ಅವರು ಚುಚ್ಚಿ ಆಡಿದ ಮಾತಲ್ಲ ಅದು, ಆದರೂ ಅನಸೂಯಾಳಿಗೆ ಚುಚ್ಚಿತು. ಹೌದು, ಅದು ತನಗೆ ಚೆನ್ನಾಗಿ ಬರುತ್ತದೆ. ಅದೊಂದೇ ಬರುತ್ತದೆ ಎಂದು ಈ ಆಸ್ಪತ್ರೆ ನಂಬಿದೆ. ಆಗಲಿ, ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದಳು. ಈ ಒಬ್ಬ ಮುದುಕಿಯನ್ನಾದರೂ ಉಳಿಸಿಕೊಳ್ಳಬೇಕು ಎಂಬ ಹಟ ಅವಳಲ್ಲಿ ಎಂದೂ ಇಲ್ಲದಷ್ಟು ಎದ್ದಿತ್ತು. ಹೇಗೆ ಎಂಬುದು ಮಾತ್ರ ತಿಳಿಯದು.

ಜ್ವರ ಶುರುವಾದಾಗಿನಿಂದ ಅವಳು ಮನೆಯಲ್ಲಿ ಮಾಳಿಗೆಯ ಕೋಣೆ ಸೇರಿದ್ದಳು. ಗಂಡ ವಾಮನರಾವ್ ಗಣಿತದ ಮಾಸ್ತರು, ಮಿತಭಾಷಿ. ಬೆಳಿಗ್ಗೆ ಚಹಾದ ಲೋಟವನ್ನು ಮೆಟ್ಟಿಲಿನ ನಡುವಿಗೆ ತಂದಿಟ್ಟು ಕೆಳಗೆ ಹೋಗಿ ನಿಲ್ಲುವುದು, ಅವಳು ಅಲ್ಲಿಗೆ ಇಳಿದು ಬಂದು ಕುಡಿಯುವುದು, ಸಂಸಾರ ಈಗ ಇಷ್ಟಕ್ಕೆ ಬಂದಿತ್ತು. ಮಾರನೆಯ ಬೆಳಿಗ್ಗೆ ಅವರ ಕಣ್ಣು ಕೆಂಪಾಗಿದ್ದವು. ಅನಸೂಯಾ ಜ್ವರವೇ, ಉಬ್ಬಸವೇ ಎಂದು ಡಾಕ್ಟರ ಹಾಗೆ ಒಂದೇ ಉಸಿರಿಗೆ ಕೇಳಿದಳು. ಅವರು ಸಂಕೋಚಪಟ್ಟುಕೊಂಡರು. ಆಮೇಲೆ ಹೇಳಿದರು:

"ಏನಿಲ್ಲ. ನೀ ಮ್ಯಾಲೆ ಹೋದಾಗಿಂದ ನನಗ ನಿದ್ದಿನಽ ಹತ್ತವಲ್ದು. ನಿನ್ನ ಮೂಗು ಸೊಂಯ್ ಸೊಂಯ್ ಅನ್ನೂದಿಲ್ಲೇನು, ಅದು ಕೇಳಲಿಲ್ಲಂದ್ರ ಮನಿ ಖಾಲಿ ಅನ್ನಸ್ತದ. ನಿನ್ನೆ ಫ್ಯಾನು ದೊಡ್ಡದ ಮಾಡಿ ನೋಡಿದೆ. ಅದು ಹಂಗ ಸೊಂಯ್ ಅನ್ನೂದಿಲ್ಲ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ವಾಮನರಾವ್ ಆಡಿದ ಅತಿ ದೊಡ್ಡ ಪ್ರೇಮದ ಮಾತು ಅದೇ ಇರಬೇಕು. ಬೇರೆ ದಿನವಾಗಿದ್ದರೆ ಅನಸೂಯಾ ಅದನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ಇವತ್ತು ಅವಳು ಲೋಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅವಳ ವಿಭಾಗದಲ್ಲಿ ಹೊಸ ರೋಗಿ ಬಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ. ಮನೆಯಲ್ಲಿ ನಿರ್ಧಾರ ಯಾರದು? ಕೊನೆಯ ದಿನಗಳಲ್ಲಿ ಏನು ಮಾಡಬೇಕು, ಏನು ಬೇಡ ಎಂದು ಹೇಳುವವರು ಯಾರಾದರೂ ಬೇಕಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಅದು ಬಾಯಿಪಾಠವಾಗಿತ್ತು. ಜೊತೆಪಟ್ಟಿಯನ್ನೂ ಅದೇ ಪ್ರಶ್ನೆಯ ಉತ್ತರಕ್ಕೆ ಕಟ್ಟಿದ್ದರು. ಗಂಡನ ನಿರ್ಧಾರ ಹೆಂಡತಿಯದು, ಹೆಂಡತಿಯದು ಗಂಡನದು ಆದ ಕಡೆ ಪಟ್ಟಿ ಹತ್ತಿತ್ತು. ಹಿರಿಯ ಮಗನದೋ ಪರವೂರಿನ ಅಳಿಯನದೋ ಆದ ಕಡೆ ಹತ್ತಿರಲಿಲ್ಲ. ನಿರ್ಧಾರ ಮಾಡುವವರು ಮಾಡಲಿ, ಅವರ ಉಸಿರು ರೋಗಿಯ ಮಿದುಳಿಗೆ ಯಾಕೆ ಗೊತ್ತಿರಬೇಕು? ಅದಕ್ಕೆ ಗೊತ್ತಿರುವುದು ವರ್ಷಾನುಗಟ್ಟಲೆ ಕತ್ತಲಲ್ಲಿ ಪಕ್ಕದಿಂದ ಕೇಳಿಸಿದ ಉಸಿರು. ಇಷ್ಟು ಸರಳವಾದದ್ದು ತನ್ನಂಥವಳಿಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಆಸೆಯೂ ಚಿಗುರಿತು. ಚಹಾ ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದಳು.

ಫಕ್ಕೀರಪ್ಪನಿಗೆ ಫೋನು ಹಚ್ಚಿ, ನಿಮ್ಮವ್ವನ ಪಕ್ಕದಲ್ಲಿ ಮಲಗುವವರು ಯಾರು ಎಂದು ಕೇಳಿದಳು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು, ಅವ್ವ ಕೆಳಗಿನ ಪಡಸಾಲೆಯಲ್ಲಿ ಮಲಗುತ್ತಾಳೆ, ನಾವು ಮೇಲೆ ಎಂದ. ಒಬ್ಬಳೇ ಮಲಗುತ್ತಾಳೆಯೇ ಎಂದರೆ, ಇನ್ನೊಬ್ಬಾಕಿ ಇದ್ದಾಳೆ ಎಂದ. ಯಾರು ಎಂದರೆ ಹೇಳಲೊಲ್ಲ. ಕೊನೆಗೆ ಹೊರಬಿದ್ದದ್ದು ಇಷ್ಟು. ಅವನ ಅಪ್ಪ ನಡುವಯಸ್ಸಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದಿದ್ದ. ಹೆಸರು ನೀಲವ್ವ. ಆಕೆಗೆ ಮಕ್ಕಳಿಲ್ಲ, ತವರೂ ಇಲ್ಲ. ಅಪ್ಪ ಸತ್ತ ದಿನ ಹೆಣದ ತಲೆಯ ಬಳಿ ಯಾರು ಕೂರಬೇಕು ಎಂದು ಸವತಿಯರಿಬ್ಬರೂ ಜಗಳ ತೆಗೆದು, ಅಂದಿನಿಂದ ಮಾತು ಬಿಟ್ಟಿದ್ದರು. ಮನೆಯಲ್ಲಿ ಬೇರೆ ಜಾಗವಿಲ್ಲದ್ದರಿಂದ ಮಲಗುವುದು ಮಾತ್ರ ಒಂದೇ ಪಡಸಾಲೆಯಲ್ಲಿ, ಮೊಳದ ಅಂತರದಲ್ಲಿ, ಬೆನ್ನಿಗೆ ಬೆನ್ನು. ಏನಾದರೂ ಹೇಳಲೇಬೇಕಾದರೆ ಬೆಕ್ಕಿಗೋ ಗೋಡೆಗೋ ಹೇಳುವುದು.

ಪಟ್ಟಿಯನ್ನು ಆಕೆಗೆ ಕಟ್ಟಿ ಎಂದಳು ಅನಸೂಯಾ.

"ಏನ್ ಮಾತಾಡ್ತೀರಿ ಮೇಡಂ?" ಫಕ್ಕೀರಪ್ಪ ದನಿ ಏರಿಸಿದ. "ನಮ್ಮವ್ವನ ಉಸಿರು ಒಯ್ದು ಅಕಿ ಕೈಯಾಗ ಕೊಡಾಕ ಹೇಳ್ತೀರೇನ್ರಿ? ನಮ್ಮವ್ವ ಕಣ್ಣೀರ ಹಾಕಿದ್ದೆಲ್ಲಾ ಅಕಿ ಸಲವಾಗೇ ರೀ. ಮಗ ನಾ ಇಲ್ಲಿ ಜೀವಂತ ಅದೇನಿ."

ಅನಸೂಯಾ ಎಷ್ಟೋ ಸಾವಿನ ಮನೆಗಳನ್ನು ನಿಭಾಯಿಸಿದವಳು. ಇಂಥ ಹೊತ್ತಿನಲ್ಲಿ ವಾದ ಮಾಡಬಾರದೆಂದು ಗೊತ್ತಿತ್ತು. ನಿಮ್ಮ ಪ್ರೀತಿಯಲ್ಲಿ ಏನೂ ಕೊರತೆಯಿಲ್ಲ, ಪ್ರೀತಿಯ ಲೆಕ್ಕ ಬೇರೆ, ಕಿವಿಯ ಲೆಕ್ಕ ಬೇರೆ ಎಂದು ಸಮಾಧಾನವಾಗಿ ತಿಳಿಸಿ ಹೇಳಿದಳು. ಸಂಜೆಯ ಹೊತ್ತಿಗೆ ಏನಾಗಲಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಅವನು ಅತ್ತುಬಿಟ್ಟ. ಅತ್ತು ಮುಗಿದ ಮೇಲೆ, ಆಕೆ ಒಪ್ಪಬೇಕಲ್ಲ, ಆಕೆ ಒಪ್ಪಲಿಕ್ಕಿಲ್ಲ ನೋಡಿ ಎನ್ನುತ್ತ ಫೋನು ತೆಗೆದುಕೊಂಡು ಕೆಳಗೆ ಇಳಿದ.

ವಿಡಿಯೋದಲ್ಲಿ ಕಂಡ ನೀಲವ್ವ ಸಣಕಲು ಹೆಂಗಸು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅನಸೂಯಾ ಎಲ್ಲವನ್ನೂ ವಿವರಿಸಿ, ಇದು ಬಲವಂತವಲ್ಲ, ನಿಮಗೆ ಬೇಡವೆನಿಸಿದರೆ ಬೇಡ ಎಂದಳು. ನೀಲವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಕೈ ಒರೆಸಿಕೊಂಡು ಎದ್ದು ನಿಂತಳು.

"ಎಲ್ಲಿ ಕಟ್ಕೋಬೇಕ್ರಿ ಅದನ್ನ?"

ಅಷ್ಟೇ ಕೇಳಿದ್ದು.

ಐಸಿಯುನಲ್ಲಿ ದ್ಯಾಮವ್ವನ ಹಾಸಿಗೆಯ ಸುತ್ತ ಮುಲ್ಲಾ, ಅನಸೂಯಾ, ರೋಸಲಿನ್ ಮೂವರೂ ನಿಂತರು. ಪರದೆಯ ಮೇಲೆ ಎರಡು ಗೆರೆಗಳು. ಮೇಲಿನದು ನೀಲವ್ವನ ಉಸಿರು, ಕೆಳಗಿನದು ದ್ಯಾಮವ್ವನದು. ಪಟ್ಟಿ ಜೋಡಿಸುತ್ತಲೇ ಅನಸೂಯಾ ಎಣಿಸದೇ ಇದ್ದದ್ದು ಆಯಿತು. ನೀಲವ್ವನಿಗೆ ಗಾಬರಿ. ಸವತಿಯ ಜೀವ ತನ್ನ ಎದೆಗೆ ಕಟ್ಟಿದ್ದಾರೆಂದರೆ ಯಾರಿಗೆ ಗಾಬರಿಯಾಗದು? ಆಕೆಯ ಉಸಿರು ಮುರಿದು ಮುರಿದು ಬರುತ್ತಿತ್ತು. ಕೆಳಗಿನ ಗೆರೆ ಇನ್ನೂ ಕೆಟ್ಟಿತು, ಯಂತ್ರ ಕೂಗಿಕೊಳ್ಳತೊಡಗಿತು. ಬಿಚ್ಚಿಸಿ, ಇದು ಸಾಕು ಎಂದರು ಮುಲ್ಲಾ.

ಅನಸೂಯಾ ಅವರ ತೋಳು ಹಿಡಿದು ನಿಲ್ಲಿಸಿದಳು. ಆಮೇಲೆ ನೆನೆದಾಗ ಅವಳಿಗೇ ಅದು ಆಶ್ಚರ್ಯ. ಮುಲ್ಲಾ ಅವರ ತೋಳು ಹಿಡಿಯುವ ಧೈರ್ಯ ಆ ಆಸ್ಪತ್ರೆಯಲ್ಲಿ ಯಾರಿಗೂ ಇರಲಿಲ್ಲ. ನೀಲವ್ವ ಎಚ್ಚರ ಇದ್ದಾಗ ದ್ಯಾಮವ್ವ ಆಕೆಯ ಉಸಿರನ್ನು ಎಲ್ಲಿ ಕೇಳಿದ್ದಾಳೆ? ಎಚ್ಚರ ಇದ್ದಾಗ ಇಬ್ಬರೂ ಪರಸ್ಪರ ದೂರ. ದ್ಯಾಮವ್ವನಿಗೆ ಗೊತ್ತಿರುವುದು ನಿದ್ದೆಯಲ್ಲಿರುವ ನೀಲವ್ವ. ಆಗ ಮಧ್ಯಾಹ್ನ. ಊಟ ಮಾಡಿ ನೀವು ಒಂದು ನಿದ್ದೆ ತೆಗೆಯುತ್ತೀರಲ್ಲವೇ ಎಂದು ಅನಸೂಯಾ ಫೋನಿನಲ್ಲಿ ಕೇಳಿದಳು. ಹೌದು, ದಿನಾ ತೆಗೆಯುತ್ತೇವೆ ಎಂದಳು ನೀಲವ್ವ. ಹಾಗಾದರೆ ಈಗಲೂ ಮಲಗಿ, ಆಸ್ಪತ್ರೆ, ಪಟ್ಟಿ ಎಲ್ಲ ಮರೆತುಬಿಡಿ ಎಂದಳು ಅನಸೂಯಾ.

ನೀಲವ್ವ ಪಡಸಾಲೆಗೆ ಹೋಗಿ ಚಾಪೆಯ ಮೇಲೆ ಮಲಗಿದಳು. ಮಗ್ಗುಲು ಬದಲಿಸಿದಳು. ಮತ್ತೆ ಎದ್ದು ಕೂತಳು.

"ಹಿಂಗ ನಿದ್ದಿ ಬರೂದಿಲ್ರಿ. ಫಕ್ಕೀರಪ್ಪಾ, ಅಕಿ ಹಾಸಿಗಿ ಹಾಸು. ಗ್ವಾಡಿ ಕಡೆ. ದಿನಾ ಎಲ್ಲಿ ಹಾಸ್ತಾಳ ಅಲ್ಲೇ."

ಫಕ್ಕೀರಪ್ಪ ಸುತ್ತಿಟ್ಟಿದ್ದ ಅವ್ವನ ಹಾಸಿಗೆಯನ್ನು ತಂದು ಗೋಡೆಯ ಕಡೆ ಬಿಡಿಸಿದ. ತಲೆದಿಂಬು ಇಟ್ಟ. ಕೌದಿಯನ್ನೂ ಹೊದಿಸಿದ. ಅವನ ಹೆಂಡತಿ ಬಾಗಿಲು ಮುಂದೆ ಮಾಡಿದಳು. ನೀಲವ್ವ ಆ ಖಾಲಿ ಹಾಸಿಗೆಗೆ ಬೆನ್ನು ಮಾಡಿ, ಸೆರಗು ಮುಖಕ್ಕೆಳೆದುಕೊಂಡು ಮಲಗಿದಳು.

ಐಸಿಯುನಲ್ಲಿ ಮೂವರೂ ಮೇಲಿನ ಗೆರೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ನಿಧಾನವಾಯಿತು. ಇನ್ನಷ್ಟು ನಿಧಾನವಾಯಿತು. ಆಮೇಲೆ ಇದ್ದಕ್ಕಿದ್ದಂತೆ ಅದರಲ್ಲಿ ಗರಗಸದ ಹಲ್ಲಿನಂಥ ಏರಿಳಿತ ಕಾಣಿಸಿಕೊಂಡಿತು. ಇದೇನು ಹೊಸ ತೊಂದರೆ ಎಂದು ಮುಲ್ಲಾ ಪರದೆಗೆ ಮುಖ ಹಚ್ಚಿದರು. ರೋಸಲಿನ್ ರೋಗಿಯ ಕಿವಿಯ ಸಾಧನವನ್ನು ಎತ್ತಿ ತನ್ನ ಕಿವಿಗೆ ಹಿಡಿದು ನೋಡಿ, ಗಂಭೀರವಾಗಿ ವಾಪಸು ಇಟ್ಟಳು.

"ಗೊರಕಿ ಹೊಡಿಯಾಕತ್ತಾರ ಸರ್," ಎಂದಳು.

ಅಷ್ಟು ಸಣಕಲು ಹೆಂಗಸಿನಲ್ಲಿ ಅಷ್ಟು ದೊಡ್ಡ ಗೊರಕೆ ಎಲ್ಲಿ ಅಡಗಿತ್ತೋ. ಗೊರಕೆಯ ತಾಳಕ್ಕೆ ದಿಂಬು ಉಬ್ಬಿತು, ಇಳಿಯಿತು. ವೆಂಟಿಲೇಟರು ಅದರ ಹಿಂದೆ ಹೊರಟಿತು. ದ್ಯಾಮವ್ವನ ಗೆರೆ ಒಮ್ಮೆ ತಡವರಿಸಿತು, ಎಲ್ಲೋ ಕೇಳಿದ ಸದ್ದು ಎಂಬಂತೆ ನಿಂತಿತು, ಮತ್ತೆ ಎದ್ದಿತು. ಈ ಸಲ ಎದ್ದದ್ದು ಮೇಲಿನ ಗೆರೆಯ ಜೊತೆಗೇ. ಎರಡನೆಯದೂ ಹಾಗೇ. ಮೂರನೆಯದೂ. ಯಂತ್ರದ ಕೂಗು ತಾನೇ ನಿಂತಿತು. ಆಮ್ಲಜನಕದ ಅಂಕಿ ಒಂದೊಂದಾಗಿ ಮೇಲೆ ಬಂತು. ಇಷ್ಟು ದಿನವೂ ಕಲ್ಲಿನಂತೆ ಬಿಗಿದಿದ್ದ ದ್ಯಾಮವ್ವನ ಮುಷ್ಟಿ ಸಡಿಲವಾಗಿ ಬೆರಳುಗಳು ಹಾಸಿಗೆಯ ಮೇಲೆ ಬಿಡಿಸಿಕೊಂಡವು.

ಮುಲ್ಲಾ ಒಂದು ಸ್ಟೂಲು ಎಳೆದುಕೊಂಡು ಕೂತರು. ಅನಸೂಯಾಳಿಗೆ ಕಣ್ಣು ತುಂಬಿ ಬಂತು, ಮುಖಕ್ಕೆ ಕವಚ ಇದ್ದದ್ದರಿಂದ ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಸಂಜೆ ನಿದ್ದೆಯ ಔಷಧ ಬಾಣಂತಿಗೆ ಹೋಯಿತು. ಅದನ್ನು ಕೊಡುವಾಗ ಯಾರೂ ಯಾರಿಂದಲೂ ಮುಖ ತಪ್ಪಿಸಬೇಕಾದ ಪ್ರಸಂಗ ಬರಲಿಲ್ಲ. ಆ ದಿನ ಐಸಿಯುವಿನವರೆಲ್ಲರೂ ಕೂತು ಉಂಡರು.

ಅಂದಿನಿಂದ ಪ್ರಶ್ನೆ ಬದಲಾಯಿತು. ತಂಡದವರು ಎಲ್ಲ ಮನೆಗಳಿಗೂ ಫೋನು ಮಾಡಿ, ನಿಮ್ಮ ರೋಗಿಯ ಪಕ್ಕದಲ್ಲಿ ಮಲಗುವವರು ಯಾರು ಎಂದು ಕೇಳಿದರು. ಎಂಥೆಂಥ ಉತ್ತರಗಳು! ಊರಿನ ಗಣ್ಯರೊಬ್ಬರ ಮನೆಯಲ್ಲಿ ಬಹಳ ಪಿಸುಗುಟ್ಟಿದ ಮೇಲೆ, ಅವರು ಹೆಂಡತಿಯ ಕೋಣೆಯಲ್ಲಿ ಮಲಗದೆ ತಮ್ಮ ಮುದಿ ಸೋದರತ್ತೆಯ ಕೋಣೆಯಲ್ಲಿ ಮಲಗುತ್ತಾರೆ, ದೆವ್ವದ ಹೆದರಿಕೆ ಎಂಬ ಸತ್ಯ ಹೊರಬಂತು. ಹಾಸ್ಟೆಲ್ಲಿನ ಹುಡುಗಿಗೆ ತಾಯಿಯ ಪಟ್ಟಿ ಹತ್ತದೆ ಕೋಣೆಯ ಗೆಳತಿಯದು ಹತ್ತಿತು. ನಿವೃತ್ತ ಅಧಿಕಾರಿಯೊಬ್ಬರ ಪಕ್ಕದಲ್ಲಿ ಮಲಗುವುದು ನಾಯಿ ಎಂದು ತಿಳಿದು ಇಂಜಿನಿಯರು ಕೈಮುಗಿದುಬಿಟ್ಟ. ಅವರಿಗೆ ಬೇರೆ ದಾರಿ ಹುಡುಕಬೇಕಾಯಿತು, ಅವರೂ ಉಳಿದುಕೊಂಡರು. ಎಲ್ಲರೂ ಉಳಿದರೆಂದಲ್ಲ. ಉಳಿಯದವರ ಬಳಿ ಅನಸೂಯಾ ಮತ್ತು ಅವಳ ತಂಡ ಕೊನೆಯವರೆಗೂ ಇದ್ದರು, ಅದು ಅವರ ಹಳೆಯ ಕೆಲಸ. ಆದರೆ ಕಾರಿಡಾರಿನಲ್ಲಿ ಈಗ ಅವರನ್ನು ಕಂಡು ಯಾರೂ ನೆಲ ನೋಡುತ್ತಿರಲಿಲ್ಲ. ರೋಗಿಗಳ ಮನೆಯವರೇ ಫೋನು ಮಾಡಿ, ಆ ಗೊರಕೆಯ ಡಾಕ್ಟರನ್ನು ನಮ್ಮವರ ಬಳಿಗೂ ಕಳಿಸಿ ಎನ್ನುತ್ತಿದ್ದರು. ಹೆಸರು ಅಷ್ಟೇನೂ ಚೆನ್ನಾಗಿರಲಿಲ್ಲ, ಮೊದಲಿನದಕ್ಕಿಂತ ಎಷ್ಟೋ ವಾಸಿ.

ದ್ಯಾಮವ್ವ ಬಾವು ಇಳಿದು, ಕೊಳವೆ ತೆಗೆಸಿಕೊಂಡು, ಗಾಲಿಕುರ್ಚಿಯಲ್ಲಿ ಮನೆಗೆ ಹೊರಟ ದಿನ ಅನಸೂಯಾ ಬಾಗಿಲವರೆಗೂ ಹೋದಳು. ಸಾಯುವವರಿಗೆ ಏನು ಹೇಳಬೇಕು, ಅವರ ಮಕ್ಕಳಿಗೆ ಏನು ಹೇಳಬೇಕು ಎಂಬುದೆಲ್ಲ ಅವಳಿಗೆ ನಾಲಗೆಯ ತುದಿಯಲ್ಲಿತ್ತು. ಗುಣವಾಗಿ ಮನೆಗೆ ಹೋಗುವ ರೋಗಿಗೆ ಹೇಳುವ ಮಾತು ಮಾತ್ರ ಒಂದೂ ರೂಢಿಯಿರಲಿಲ್ಲ. ಅಭ್ಯಾಸಬಲದಿಂದ "ಹೋಗಿ ಬರ್ರಿ" ಎಂದುಬಿಟ್ಟಳು. "ಮತ್ತ ಇಲ್ಲಿಗಾ? ಬರೂದಿಲ್ಲವ್ವಾ ನಾ" ಎಂದಳು ದ್ಯಾಮವ್ವ. ಸುತ್ತ ನಿಂತವರೆಲ್ಲ ನಕ್ಕರು, ಅನಸೂಯಾಳೂ ನಕ್ಕಳು.

ಪ್ಯಾಲಿಯೇಟಿವ್ ವಿಭಾಗದವರಿಗೆ ರೋಗಿಗಳ ಮನೆಗೆ ಹೋಗಿ ನೋಡಿ ಬರುವ ಪದ್ಧತಿ ಉಂಟು. ಜ್ವರ ಇಳಿಮುಖವಾದ ಮೇಲೆ ಅನಸೂಯಾ ಒಂದು ಮಧ್ಯಾಹ್ನ ಚುರುಮುರಿ ಭಟ್ಟಿಯ ಓಣಿಗೆ ಹೋದಳು. ಫಕ್ಕೀರಪ್ಪ ಭಟ್ಟಿ ಬಿಟ್ಟು ಓಡಿ ಬಂದು ಕುರ್ಚಿ ಹಾಕಿದ. ಪಡಸಾಲೆಯಲ್ಲಿ ಎರಡು ಹಾಸಿಗೆ, ಮೊಳದ ಅಂತರ. ದ್ಯಾಮವ್ವ ಗೋಡೆಗೆ ಮುಖ ಮಾಡಿ ಮಲಗಿದ್ದವಳು ಡಾಕ್ಟರು ಬಂದರೆಂದು ಎದ್ದು ಕೂತಳು. ನೀಲವ್ವ ಆಕೆಗೆ ಬೆನ್ನು ಮಾಡಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಅನಸೂಯಾ ದ್ಯಾಮವ್ವನ ನಾಡಿ ನೋಡಿದಳು, ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದಳು. ಉಸಿರು ಗಡಿಯಾರದಂತೆ ಸರಿಯಾಗಿತ್ತು. ಇನ್ನು ಔಷಧ ಏನೂ ಬೇಡ ಎಂದಳು. ಆ ಮಾತು ಹೇಳುವಾಗ ಅವಳಿಗೆ ಎದೆಯ ಮೇಲಿನ ದೊಡ್ಡ ಭಾರವೊಂದು ಇಳಿದಂತಾಯಿತು. ಆಮೇಲೆ ತಡೆಯಲಾರದೆ ನೀಲವ್ವನ ಕಡೆ ತಿರುಗಿ, ಇಷ್ಟೆಲ್ಲ ಆದ ಮೇಲಾದರೂ ಇಬ್ಬರೂ ಮಾತಾಡುತ್ತಿದ್ದೀರಿ ತಾನೇ ಎಂದು ಕೇಳಿದಳು.

ನೀಲವ್ವ ಅನಸೂಯಾಳನ್ನು ಏನೂ ತಿಳಿಯದ ಹುಡುಗಿಯೆಂಬಂತೆ ನೋಡಿದಳು.

"ಮಾತು ಎಲ್ಲೀದ್ರೀ? ಇಷ್ಟ ವರ್ಷ ಅಕಿ ಕೂಡ ಮಾತ ಬಿಟ್ಟೇನಿ. ಅಕಿ ಸತ್ತ ಹೋಗಿದ್ರ ನಾ ಇನ್ನ ಯಾರ ಕೂಡ ಮಾತ ಬಿಡಬೇಕಾಗಿತ್ರಿ? ನನಗ ಇನ್ನ ಯಾರದಾರ?"

ಹೇಳಿ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಫಕ್ಕೀರಪ್ಪ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ. ದ್ಯಾಮವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು, ಆಕೆಯ ಭುಜ ಅಲುಗಾಡತೊಡಗಿದವು. ಅನಸೂಯಾ ಅಳುವವರ ಬಳಿ ಕೂತು ಅಭ್ಯಾಸವಾದವಳು, ಬೆನ್ನು ಸವರಲೆಂದು ಕೈ ಚಾಚಿದಳು. ಹತ್ತಿರ ಬಾಗಿ ನೋಡಿದರೆ ಮುದುಕಿ ನಗುತ್ತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲದೆ ಕೆಮ್ಮು ಬಂತು. ನೀಲವ್ವ ಆ ಕಡೆ ನೋಡದೆಯೇ ನೀರಿನ ತಂಬಿಗೆಯನ್ನು ಹಿಂದಕ್ಕೆ ತಳ್ಳಿದಳು.